ವರ್ತನೆಯನ್ನು ಎಣಿಸುವ ಶಾಸ್ತ್ರ

ಭೌತವಿಜ್ಞಾನದ ಪಾಠ ಹೇಳುವ ನಾವು ಮನಃಶಾಸ್ತ್ರದ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ವಾಚಕರು ಹುಬ್ಬೇರಿಸಬಹುದು. ಇದಕ್ಕೆ ಕಾರಣ ನಮ್ಮ ಅಕ್ಕನ ಮಗಳು. ಆಕೆ ಪದವಿ ತರಗತಿಯ ಎರಡನೆಯ ವರ್ಷದಲ್ಲಿ ಮನಃಶಾಸ್ತ್ರವನ್ನು ಓದುತ್ತಿದ್ದಾಳೆ. ಬೇಸಗೆಯ ರಜೆಯಲ್ಲಿ ಒಂದು ದಪ್ಪನೆಯ ಪುಸ್ತಕವನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದವಳು ಅದರೊಳಗಿನ ಒಂದು ನಕ್ಷೆಯನ್ನು ತೋರಿಸಿ, "ಮಾವ, ಇಲ್ಲಿರುವುದು ಒಂದೇ ಒಂದು ಮಗು. ಒಂದು ಮಗುವನ್ನು ನೋಡಿ ವಿಜ್ಞಾನ ಹೇಳಬಹುದೇ? ಸಂಖ್ಯಾಶಾಸ್ತ್ರದ ಪಾಠದಲ್ಲಿ ನಮಗೆ ಹತ್ತಾರು ಜನರನ್ನು ನೋಡಬೇಕೆಂದು ಹೇಳಿಕೊಟ್ಟಿದ್ದಾರಲ್ಲ!" ಎಂದು ಕೇಳಿದಳು. ಪ್ರಶ್ನೆ ಚೆನ್ನಾಗಿತ್ತು. ಉತ್ತರ ಕೂಡಲೇ ಹೊಳೆಯಲಿಲ್ಲವಾದುದರಿಂದ ಪುಸ್ತಕವನ್ನು ಒಂದು ವಾರ ನಾವೇ ಇಟ್ಟುಕೊಂಡೆವು.

ಆ ಶಾಸ್ತ್ರದ ಹೆಸರು ಅನ್ವಯಿಕ ವರ್ತನಾ ವಿಶ್ಲೇಷಣೆ. ಹೆಸರು ಉದ್ದವಾದರೂ ಅದರ ಮೂಲಭಾವನೆ ಚಿಕ್ಕದು. ಪ್ರಾಣಿಯಾಗಲಿ ಮನುಷ್ಯನಾಗಲಿ ಮಾಡುವ ಕೆಲಸಕ್ಕೆ ಒಂದು ಫಲವುಂಟು. ಆ ಫಲವೇ ಮುಂದೆ ಅಂಥ ಕೆಲಸ ಹೆಚ್ಚುವುದೋ ಕಡಮೆಯಾಗುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಅಮೆರಿಕದ ಬಿ. ಎಫ್. ಸ್ಕಿನ್ನರ್ ಇದನ್ನು ಇಲಿಗಳ ಮೇಲೆ ಪ್ರಯೋಗಿಸಿ 1938ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಪೆಟ್ಟಿಗೆಯೊಳಗಿನ ಇಲಿ ಒಂದು ಸನ್ನೆಯನ್ನು ಒತ್ತಿದರೆ ಆಹಾರದ ಗುಳಿಗೆ ಬೀಳುತ್ತದೆ, ಒತ್ತುವಿಕೆ ಹೆಚ್ಚುತ್ತದೆ. ಹೀಗೆ ವರ್ತನೆಯನ್ನು ಹೆಚ್ಚಿಸುವ ಫಲಕ್ಕೆ ಪುನರ್ಬಲನವೆಂದು ಹೆಸರು. ಗುಳಿಗೆ ನಿಂತುಹೋದರೆ ಒತ್ತುವಿಕೆಯೂ ಕ್ರಮೇಣ ನಂದಿಹೋಗುತ್ತದೆ.

ಈ ಶಾಸ್ತ್ರವನ್ನು ಪದವಿ ವಿದ್ಯಾರ್ಥಿಗಳಿಗೆ ಕಲಿಸುವ ಕ್ರಮವೂ ಗಮನಾರ್ಹವಾದುದು. ಸ್ಕಿನ್ನರನ ಸಹಪಾಠಿಯಾಗಿದ್ದ ಫ್ರೆಡ್ ಕೆಲ್ಲರ್ ಮತ್ತು ವಿಲಿಯಂ ಶೋನ್‌ಫೆಲ್ಡ್ ಎಂಬಿಬ್ಬರು ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಒಂದು ಪಾಠಕ್ರಮವನ್ನು ಆರಂಭಿಸಿದರು. ಮನಃಶಾಸ್ತ್ರಕ್ಕೆ ಹೊಸದಾಗಿ ಕಾಲಿಟ್ಟ ವಿದ್ಯಾರ್ಥಿಗಳ ಕೈಗೆ ಅಲ್ಲಿ ಇಲಿಯನ್ನು ಕೊಟ್ಟು, ತಾವೇ ಅದಕ್ಕೆ ಸನ್ನೆ ಒತ್ತುವುದನ್ನು ಕಲಿಸಿ, ಎಣಿಸಿ, ನಕ್ಷೆ ಬರೆಯಿರಿ ಎಂದು ಹೇಳಿದರು. ಮೊದಲು ಕೈ, ಆಮೇಲೆ ಮಾತು! ಓಮ್‌ನ ನಿಯಮವನ್ನು ಬಾಯಿಪಾಠ ಮಾಡಿ, ಅಮ್ಮೀಟರನ್ನು ಪರೀಕ್ಷೆಯ ಹಿಂದಿನ ದಿನ ಮೊದಲ ಸಲ ಮುಟ್ಟುವ ನಮ್ಮ ವಿದ್ಯಾರ್ಥಿಗಳನ್ನು ನೆನೆದು ನಮಗೆ ಅಸೂಯೆಯಾಯಿತು.

ಇಲಿಯಿಂದ ಮನುಷ್ಯನಿಗೆ ಬರುವಾಗ ವಿದ್ಯಾರ್ಥಿ ಎಡವುವ ಮೊದಲ ಸ್ಥಳ ಋಣಾತ್ಮಕ ಪುನರ್ಬಲನ. ಋಣವೆಂದೊಡನೆ ಶಿಕ್ಷೆಯೆಂದು ತಿಳಿಯುತ್ತಾರೆ. ಅದು ತಪ್ಪು. ಇಲ್ಲಿ ಧನ, ಋಣ ಎಂಬುವು ಒಳ್ಳೆಯದು, ಕೆಟ್ಟದು ಎಂಬ ಅರ್ಥದವಲ್ಲ. ಕೂಡುವುದು, ಕಳೆಯುವುದು ಎಂಬ ಅರ್ಥದವು. ಬಿಸಿಲು ಸುಡುವಾಗ ಕೊಡೆ ಬಿಚ್ಚುತ್ತೇವೆ, ತಾಪ ಕಳೆಯುತ್ತದೆ, ಮರುದಿನವೂ ಕೊಡೆ ಬಿಚ್ಚುತ್ತೇವೆ. ಕಳೆಯುವಿಕೆಯಿಂದ ವರ್ತನೆ ಹೆಚ್ಚಿತು. ಆದುದರಿಂದ ಅದು ಋಣಾತ್ಮಕ ಪುನರ್ಬಲನ. ಶಿಕ್ಷೆಯೆಂಬುದು ವರ್ತನೆಯನ್ನು ಕಡಮೆ ಮಾಡುವಂಥದು. ವಿದ್ಯುದಂಶದ ಚಿಹ್ನೆಗಳನ್ನು ಕಲಿತವರಿಗೆ ಇದು ಕಷ್ಟವಾಗಬೇಕಾಗಿಲ್ಲ.

ಎರಡನೆಯ ತೊಡಕು ಇದಕ್ಕಿಂತ ಆಳವಾದುದು. ನಮ್ಮ ಸೊಸೆಗೆ ಕೊಟ್ಟಿದ್ದ ಅಭ್ಯಾಸವೆಂದರೆ ಒಂದು ಮಗುವನ್ನು ಹತ್ತು ನಿಮಿಷ ನೋಡಿ ಅದರ ವರ್ತನೆಯನ್ನು ದಾಖಲೆ ಮಾಡುವುದು. ಪಕ್ಕದ ಮನೆಯ ಹುಡುಗನನ್ನು ನೋಡಿಬಂದು ಆಕೆ "ಬಹಳ ಹಟಮಾರಿ, ಒಂಬತ್ತು ಸಲ ಹಟ ಮಾಡಿದ" ಎಂದು ಬರೆದಳು. ಹಟವೆಂದರೆ ಏನು? ಕಾಲು ನೆಲಕ್ಕೆ ಬಡಿದುದೇ? ಕರೆದರೆ ಓಗೊಡದಿದ್ದುದೇ? ಮುಖ ಊದಿಸಿಕೊಂಡುದೇ? ಹಟವೆಂಬುದು ವರ್ತನೆಯಲ್ಲ, ವರ್ತನೆಯ ಮೇಲೆ ನಾವು ಅಂಟಿಸಿದ ತೀರ್ಪು. ಇನ್ನೊಬ್ಬರು ಬಂದು ಎಣಿಸಿದರೆ ಅಷ್ಟೇ ಸಂಖ್ಯೆ ಬರುವ ಹಾಗೆ ಮಾತನ್ನು ಕಟ್ಟಬೇಕು. ಮರುದಿನ ಆಕೆ "ತಾಯಿ ಹೆಸರು ಹಿಡಿದು ಕರೆದ ಮೇಲೆ ಐದು ಸೆಕೆಂಡುಗಳೊಳಗೆ ತಾಯಿಯ ಕಡೆಗೆ ತಿರುಗದಿರುವುದು" ಎಂದು ಬರೆದುಕೊಂಡು ಹೋದಳು. ಈ ಸಲ ಸಂಖ್ಯೆ ಮೂರಕ್ಕೆ ಇಳಿಯಿತು. ತಾಯಿ ಕರೆದುದೇ ನಾಲ್ಕು ಸಲವಂತೆ.

ಇನ್ನೊಬ್ಬರು ಎಣಿಸುವುದು ಎಂದೆವಷ್ಟೆ. ಇದು ಉಪಚಾರದ ಮಾತಲ್ಲ. ಹತ್ತು ನಿಮಿಷಗಳನ್ನು ಹತ್ತು ಸೆಕೆಂಡುಗಳ 60 ತುಂಡುಗಳಾಗಿ ವಿಭಾಗಿಸಿ, ಇಬ್ಬರು ವೀಕ್ಷಕರು ಒಬ್ಬರನ್ನೊಬ್ಬರು ನೋಡದೆ ಪ್ರತಿ ತುಂಡಿನಲ್ಲಿಯೂ ವರ್ತನೆ ಕಂಡಿತೋ ಇಲ್ಲವೋ ಗುರುತು ಹಾಕುತ್ತಾರೆ. 54 ತುಂಡುಗಳಲ್ಲಿ ಇಬ್ಬರ ಗುರುತೂ ಒಂದೇ ಆದರೆ ಒಪ್ಪಿಗೆ ಶೇಕಡ 90. ಆದರೆ ಇದರಲ್ಲಿ ಒಂದು ಮೋಸವುಂಟು. ವರ್ತನೆ ಬಹಳ ಹೆಚ್ಚಾಗಿದ್ದು, ಇಬ್ಬರೂ 60ರಲ್ಲಿ 54 ತುಂಡುಗಳಿಗೆ ಕಣ್ಣು ಮುಚ್ಚಿಕೊಂಡೇ 'ಉಂಟು' ಎಂದು ಗುರುತು ಹಾಕಿದ್ದರೆಂದು ಭಾವಿಸೋಣ. ಆಗಲೂ ಆಕಸ್ಮಿಕವಾಗಿಯೇ ಒಪ್ಪಿಗೆ 0.9 × 0.9 + 0.1 × 0.1 = 0.82, ಎಂದರೆ ಶೇಕಡ 82 ಬರುತ್ತದೆ. ಶೇಕಡ 90 ಎಂಬುದು ಆಗ ಅಷ್ಟು ಹೆಮ್ಮೆಯ ಸಂಖ್ಯೆಯಾಗಿ ಉಳಿಯುವುದಿಲ್ಲ. ಅಳತೆಯ ದೋಷವನ್ನು ಅಳೆಯದವನಿಗೆ ಅಳತೆಯ ಹಕ್ಕಿಲ್ಲವೆಂದು ನಮ್ಮ ಪ್ರಯೋಗಶಾಲೆಯಲ್ಲಿ ನಾವು ಹೇಳುವ ಮಾತೇ ಇದು.

ಈಗ ಆ ಒಂದೇ ಮಗುವಿನ ನಕ್ಷೆಗೆ ಬರೋಣ. 1964ರಲ್ಲಿ ಪ್ರಕಟವಾದ ವರದಿಯದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಶಿಶುವಿಹಾರಕ್ಕೆ ಮೂರು ವರ್ಷ ದಾಟಿದ ಒಂದು ಹುಡುಗಿ ಸೇರಿದಳು. ನಡೆಯಲು ಬರುತ್ತಿದ್ದರೂ ಆಕೆ ದಿನದ ಬಹುಭಾಗ ಅಂಬೆಗಾಲಿಡುತ್ತಲೋ ಮುದುಡಿ ಕುಳಿತುಕೊಂಡೋ ಇರುತ್ತಿದ್ದಳು. ಉಪಾಧ್ಯಾಯಿನಿಯರು ಸಹಜವಾಗಿಯೇ ಕನಿಕರಪಟ್ಟು ಆಕೆ ನೆಲದ ಮೇಲಿದ್ದಾಗಲೆಲ್ಲ ಬಳಿಗೆ ಹೋಗಿ ಸಮಾಧಾನ ಹೇಳುತ್ತಿದ್ದರು. ಸಂಶೋಧಕರು ಈ ಕನಿಕರವನ್ನೇ ಅನುಮಾನಿಸಿದರು. ಮಗು ನೆಲದ ಮೇಲಿದ್ದಾಗ ಸುಮ್ಮನಿದ್ದು, ಎದ್ದು ನಿಂತಾಗ ಮಾತ್ರ ಹತ್ತಿರ ಹೋಗಿ ಮಾತನಾಡಿಸಬೇಕೆಂದು ಏರ್ಪಾಡಾಯಿತು. ಎರಡು ವಾರ ಕಳೆಯುವುದರೊಳಗೆ ಹುಡುಗಿ ಇತರ ಮಕ್ಕಳ ಹಾಗೆ ಓಡಾಡತೊಡಗಿದಳು.

ಇಷ್ಟಕ್ಕೇ ನಿಂತಿದ್ದರೆ ಅದು ಒಳ್ಳೆಯ ಸುದ್ದಿಯಾಗುತ್ತಿತ್ತೇ ಹೊರತು ಪ್ರಯೋಗವಾಗುತ್ತಿರಲಿಲ್ಲ. ಮಗುವಿಗೆ ಶಾಲೆ ಹೊಂದಿಕೊಂಡಿರಬಹುದು, ಗೆಳತಿಯರು ಸಿಕ್ಕಿರಬಹುದು. ಆದುದರಿಂದ ಅವರು ಏರ್ಪಾಡನ್ನು ತಲೆಕೆಳಗು ಮಾಡಿದರು; ನೆಲದ ಮೇಲಿದ್ದಾಗ ಗಮನ, ಎದ್ದಾಗ ಅಲಕ್ಷ್ಯ. ಕೆಲವೇ ದಿನಗಳಲ್ಲಿ ಮಗು ಮತ್ತೆ ಅಂಬೆಗಾಲಿಗೆ ಇಳಿಯಿತು. ಪುನಃ ಮೊದಲಿನ ಏರ್ಪಾಡನ್ನು ತಂದರು. ಮಗು ಪುನಃ ಎದ್ದಿತು.

ಸೊಸೆಯ ಪ್ರಶ್ನೆಗೆ ನಮಗೆ ಉತ್ತರ ದೊರೆತದ್ದು ಇಲ್ಲಿ. 1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಪ್ರಕಟಿಸಿದಾಗ ಅವನಿಗೆ ನೂರು ಮುಳ್ಳುಗಳ ಸರಾಸರಿ ಬೇಕಾಗಿರಲಿಲ್ಲ. ವಿದ್ಯುತ್ತನ್ನು ಹರಿಸಿದರೆ ಮುಳ್ಳು ವಾಲುತ್ತದೆ, ನಿಲ್ಲಿಸಿದರೆ ಮರಳುತ್ತದೆ, ಮತ್ತೆ ಹರಿಸಿದರೆ ಮತ್ತೆ ವಾಲುತ್ತದೆ. ಕಾರಣವು ನಮ್ಮ ಬೆರಳಿನ ತುದಿಯಲ್ಲಿದೆ ಎಂಬುದಕ್ಕೆ ಈ ಹೋಗಿಬರುವಿಕೆಯೇ ಪ್ರಮಾಣ. ಹತ್ತಾರು ಜನರ ಸರಾಸರಿಯಾದರೋ ಒಬ್ಬೊಬ್ಬರಲ್ಲಿ ಏನು ನಡೆಯಿತೆಂಬುದನ್ನು ಎಷ್ಟೋ ವೇಳೆ ಮುಚ್ಚಿಹಾಕುತ್ತದೆ. ಎಲ್ಲ ಮಕ್ಕಳೂ ಹೀಗೆಯೇ ಎಂದು ಹೇಳಲು ಇನ್ನೂ ಅನೇಕ ಮಕ್ಕಳಲ್ಲಿ ಇದನ್ನು ಮತ್ತೆ ಮತ್ತೆ ಮಾಡಿನೋಡಬೇಕೆಂಬುದು ನಿಜ. ಆದರೆ ಈ ಮಗುವಿನಲ್ಲಿ ಕಾರಣ ಯಾವುದೆಂಬುದು ಸಿದ್ಧವಾಯಿತು.

ನಾವು ಇಷ್ಟನ್ನು ಉತ್ಸಾಹದಿಂದ ವಿವರಿಸಿದೆವು. ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಳ್ಳಿಗೆ ಬೇಸರವಾಗುವುದಿಲ್ಲ ಮಾವ. ಎದ್ದು ಓಡಾಡುತ್ತಿದ್ದ ಮಗುವನ್ನು ಬೇಕೆಂದೇ ಮತ್ತೆ ನೆಲಕ್ಕೆ ಇಳಿಸಿದರಲ್ಲ" ಎಂದಳು. ಭೌತವಿಜ್ಞಾನದಲ್ಲಿ ಇದಕ್ಕೆ ಉತ್ತರವಿಲ್ಲ.

ಈ ವರದಿಯ ಕರ್ತೃಗಳಲ್ಲಿ ಒಬ್ಬನಾದ ಮಾಂಟ್ರೋಸ್ ವುಲ್ಫ್ ಎಂಬಾತನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಅದೇ 1964ರಲ್ಲಿ ಅವನೂ ಟಾಡ್ ರಿಸ್ಲಿ ಮೊದಲಾದ ಜೊತೆಗಾರರೂ ಇನ್ನೊಂದು ವರದಿಯನ್ನು ಪ್ರಕಟಿಸಿದರು. ಮೂರೂವರೆ ವರ್ಷದ ಒಬ್ಬ ಬಾಲಕನಿಗೆ ಕಣ್ಣಿನ ಪೊರೆಯ ದೆಸೆಯಿಂದ ಎರಡು ಕಣ್ಣುಗಳ ಮಸೂರಗಳನ್ನೂ ತೆಗೆದುಹಾಕಿದ್ದರು. ಮಸೂರವಿಲ್ಲದ ಕಣ್ಣಿನಲ್ಲಿ ಬಿಂಬ ಅಕ್ಷಿಪಟಲದ ಮೇಲೆ ಕೂಡುವುದಿಲ್ಲ. ಆ ಕೊರತೆಯನ್ನು ಕನ್ನಡಕದ ದಪ್ಪ ಮಸೂರ ತುಂಬಬೇಕು. ಎಳೆಯ ವಯಸ್ಸಿನಲ್ಲಿ ಸ್ಪಷ್ಟವಾದ ಬಿಂಬ ಬೀಳದಿದ್ದರೆ ದೃಷ್ಟಿ ಶಾಶ್ವತವಾಗಿ ಮಂದವಾಗುತ್ತದೆ. ಹುಡುಗನಾದರೋ ಕನ್ನಡಕವನ್ನು ಮುಟ್ಟಗೊಡನು. ಬಲವಂತ ಮಾಡಿದರೆ ತಲೆ ಚಚ್ಚಿಕೊಳ್ಳುವನು, ಮುಖ ಪರಚಿಕೊಳ್ಳುವನು. ವೈದ್ಯರು ಕೊಟ್ಟಿದ್ದ ಗಡುವು ತಿಂಗಳುಗಳ ಲೆಕ್ಕದ್ದು.

ವುಲ್ಫ್ ಮತ್ತು ಅವನ ಜೊತೆಗಾರರು ಮಸೂರವಿಲ್ಲದ ಬರಿಯ ಚೌಕಟ್ಟುಗಳನ್ನು ಕೋಣೆಯಲ್ಲಿ ಅಲ್ಲಲ್ಲಿ ಇಟ್ಟರು. ಹುಡುಗ ಒಂದನ್ನು ಎತ್ತಿಕೊಂಡರೆ ಒಂದು ಆಟಿಕೆಯಿಂದ ಟಿಕ್ಕೆಂದು ಸದ್ದು, ಜೊತೆಗೆ ಒಂದು ಚೂರು ಮಿಠಾಯಿ ಇಲ್ಲವೇ ಹಣ್ಣು. ಆಮೇಲೆ ಹಿಡಿದುಕೊಂಡು ತಿರುಗಿದರೆ. ಆಮೇಲೆ ಕಣ್ಣಿನ ಹತ್ತಿರ ತಂದರೆ. ಹೀಗೆ ಗುರಿಯ ಕಡೆಗಿನ ಒಂದೊಂದು ಸಣ್ಣ ಹೆಜ್ಜೆಗೂ ಫಲ ಕೊಡುತ್ತ ಹೊಸ ವರ್ತನೆಯನ್ನು ರೂಪಿಸುವುದು ಈ ಶಾಸ್ತ್ರದ ಅತಿ ಸುಂದರವಾದ ವಿಧಾನ. ಆದರೆ ಕೆಲಸ ಪುಸ್ತಕದಲ್ಲಿ ಹೇಳಿದಷ್ಟು ಸುಲಭವಾಗಿ ಸಾಗಲಿಲ್ಲ. ಮಿಠಾಯಿ ಸಾಲದೆಹೋಯಿತು, ಬೆಳಗಿನ ಊಟವನ್ನೇ ತುತ್ತು ತುತ್ತಾಗಿ ಪಾಠಕ್ಕೆ ಕಟ್ಟಿಹಾಕಿದರು. ಕೊನೆಗೆ ಹುಡುಗ ದಿನಕ್ಕೆ ಸುಮಾರು 12 ಗಂಟೆಗಳ ಕಾಲ ಕನ್ನಡಕ ಹಾಕಿಕೊಳ್ಳುವಂತಾಯಿತು. ಮನೆಗೆ ಮರಳಿದ ಮೇಲೆಯೂ ಅಭ್ಯಾಸ ಉಳಿಯಿತು. ಹಸಿದ ಮಗುವಿನ ತುತ್ತನ್ನು ಪಾಠಕ್ಕೆ ಕಟ್ಟಬಹುದೇ ಎಂದು ಕೇಳಿದರೆ ಸಾಮಾನ್ಯವಾಗಿ ಕೂಡದೆಂದೇ ನಾವು ಹೇಳುವೆವು. ಕುರುಡುತನವೇ ಎದುರಿಗೆ ನಿಂತಿರುವಾಗ? ಈ ಪ್ರಶ್ನೆಯನ್ನು ನಾವು ಬಿಡಿಸಲಾರೆವು. ಆದರೆ ಇಲ್ಲಿ ಒಂದು ಅಂಶ ನಿಸ್ಸಂದೇಹ: ಹುಡುಗನಿಗೆ ಕಣ್ಣು ಬೇಕಾಗಿತ್ತು. ಗುರಿ ಅವನ ಹಿತಕ್ಕಾಗಿಯೇ ಇತ್ತು.

1968ರಲ್ಲಿ ಈ ಶಾಸ್ತ್ರಕ್ಕೆಂದೇ ಒಂದು ಪತ್ರಿಕೆ ಹುಟ್ಟಿತು. ವುಲ್ಫ್ ಅದರ ಮೊದಲ ಸಂಪಾದಕ. ಅದರ ಮೊದಲ ಸಂಚಿಕೆಯಲ್ಲಿ ಡೊನಾಲ್ಡ್ ಬೇರ್, ವುಲ್ಫ್, ರಿಸ್ಲಿ ಮೂವರೂ ಕೂಡಿ ಬರೆದ ಲೇಖನವನ್ನು ಇಂದಿಗೂ ವಿದ್ಯಾರ್ಥಿಗಳಿಗೆ ತಪ್ಪದೆ ಓದಿಸುತ್ತಾರೆ. ಅದರಲ್ಲಿ ಶಾಸ್ತ್ರಕ್ಕೆ ಏಳು ಲಕ್ಷಣಗಳನ್ನು ಹೇಳಿದೆ. ಪರೀಕ್ಷೆಗೆ ಏಳನ್ನೂ ಬಾಯಿಪಾಠ ಮಾಡುವುದುಂಟು. ನಮಗೆ ಮುಖ್ಯವಾಗಿ ಕಂಡುದು ಮೊದಲನೆಯದೊಂದೇ. 'ಅನ್ವಯಿಕ' ಎನ್ನಿಸಿಕೊಳ್ಳಬೇಕಾದರೆ ಆರಿಸಿಕೊಂಡ ವರ್ತನೆ ಸಮಾಜಕ್ಕೆ ಮುಖ್ಯವಾದುದಾಗಿರಬೇಕು. ಎಷ್ಟು ಸರಳವಾದ ಮಾತು! ಆದರೆ ಮುಖ್ಯವೆಂದು ನಿರ್ಧರಿಸುವವರು ಯಾರು? ಯಾವ ಗಡಿಯಾರದಿಂದ, ಯಾವ ತಕ್ಕಡಿಯಿಂದ ಅದನ್ನು ಅಳೆಯುವುದು?

ಈ ಸಂದಿಯಲ್ಲಿಯೇ ಕೇಡು ನುಸುಳಿತು. 1974ರಲ್ಲಿ ಅದೇ ಪತ್ರಿಕೆಯಲ್ಲಿ ರೆಕರ್ಸ್ ಮತ್ತು ಲೋವಾಸ್ ಎಂಬಿಬ್ಬರ ಲೇಖನವೊಂದು ಅಚ್ಚಾಯಿತು. ಸುಮಾರು ಐದು ವರ್ಷದ ಹುಡುಗನೊಬ್ಬ ಹೆಣ್ಣುಮಕ್ಕಳ ಆಟಿಕೆಗಳಲ್ಲಿ ಆಡುತ್ತಾನೆ, ಅವನ ಹಾವಭಾವ ಹುಡುಗಿಯರಂತಿದೆ ಎಂಬುದೇ 'ಸಮಸ್ಯೆ'. ಹುಡುಗ ಗಂಡುಮಕ್ಕಳ ಆಟಿಕೆ ಹಿಡಿದರೆ ತಾಯಿ ನಕ್ಕು ಮಾತನಾಡಿಸಬೇಕು. ಗೊಂಬೆ ಹಿಡಿದರೆ ಮುಖ ತಿರುಗಿಸಿಕೊಳ್ಳಬೇಕು. ಮನೆಯಲ್ಲಿ 'ಹೆಣ್ಣಿಗ'ತನಕ್ಕೆ ತಂದೆಯ ಪೆಟ್ಟೂ ಉಂಟು. ಅಂಬೆಗಾಲಿನ ಮಗುವಿನ ನಕ್ಷೆಯ ಪಕ್ಕದಲ್ಲಿ ಈ ನಕ್ಷೆಯನ್ನಿಟ್ಟು ನೋಡಿದೆವು. ವ್ಯಾಖ್ಯೆ ಉಂಟು, ವೀಕ್ಷಕರ ಒಪ್ಪಿಗೆ ಉಂಟು, ಏರ್ಪಾಡನ್ನು ತೆಗೆದಾಗ ರೇಖೆ ಇಳಿಯುತ್ತದೆ, ಇಟ್ಟಾಗ ಏರುತ್ತದೆ. ಅಳತೆಯ ಮಟ್ಟಿಗೆ ಎರಡಕ್ಕೂ ಭೇದವೇ ಇಲ್ಲ. ಒಂದರಲ್ಲಿ ಮಗುವಿಗೆ ನಡಿಗೆ ಬಂತು; ಇನ್ನೊಂದರಲ್ಲಿ ಯಾರಿಗೂ ಕೇಡು ಮಾಡದ ಮಗುವಿನ ಆಟಕ್ಕೆ ತಾಯಿಯ ಮುಖವೇ ಶಿಕ್ಷೆಯಾಯಿತು. ನಕ್ಷೆಯ ಕಾಗದ ಇವೆರಡನ್ನೂ ಬೇರ್ಪಡಿಸಿ ತೋರಿಸಲಾರದು. ಪತ್ರಿಕೆಯು ಆ ಲೇಖನದ ವಿಷಯವಾಗಿ ತನ್ನ ಕಳವಳವನ್ನು ಪ್ರಕಟಿಸಿದುದು 2020ರಲ್ಲಿ, 46 ವರ್ಷಗಳ ತರುವಾಯ.

ಈ ಲೋವಾಸನೇ ಆಟಿಸಂ ಉಳ್ಳ ಮಕ್ಕಳ ಶಿಕ್ಷಣದಲ್ಲಿ ಅತ್ಯಂತ ಪ್ರಸಿದ್ಧನಾದವನು. 1965ರಲ್ಲಿ ಅವನೂ ಜೊತೆಗಾರರೂ ಅಂಥ ಮಕ್ಕಳ ಮೇಲೆ ವಿದ್ಯುದಾಘಾತವನ್ನು ಬಳಸಿದ ವರದಿಯನ್ನು ಪ್ರಕಟಿಸಿದ್ದರು. 1987ರ ಅವನ ವರದಿಯಲ್ಲಿ, ವಾರಕ್ಕೆ 40 ಗಂಟೆಗಳ ಪಾಠ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಮಕ್ಕಳ ಬುದ್ಧಿಮಟ್ಟವನ್ನು ಮುಟ್ಟಿ ಒಂದನೆಯ ತರಗತಿಯನ್ನು ಮುಗಿಸಿದರೆಂದು ಹೇಳಿದೆ. ತಾಯಿತಂದೆಯರಿಗೆ ಅದು ದೊಡ್ಡ ಆಶೆಯಾಯಿತು. ಮಕ್ಕಳನ್ನು ಗುಂಪುಗಳಿಗೆ ಹಂಚಿದುದು ಚೀಟಿ ಎತ್ತಿದಂತೆ ಆಕಸ್ಮಿಕವಾಗಿ ಅಲ್ಲ ಎಂಬ ಆಕ್ಷೇಪಣೆಯನ್ನು ವಿದ್ಯಾರ್ಥಿಗಳು ಮರೆಯಬಾರದು. ಅಲ್ಲಿಯೂ ಪೆಟ್ಟು ಇತ್ತೆಂಬುದನ್ನೂ ಮರೆಯಬಾರದು. ಆ ಪಾಠ ಪಡೆದ ಮಕ್ಕಳು ಬೆಳೆದು ದೊಡ್ಡವರಾಗಿ ತಾವೇ ಬಾಯಿಬಿಟ್ಟು ಹೇಳತೊಡಗಿದ್ದಾರೆ. ಕೈಗಳನ್ನು ಅಲ್ಲಾಡಿಸುವುದು ನಮಗೆ ಸಮಾಧಾನ ಕೊಡುತ್ತಿತ್ತು, ಅದರಿಂದ ಯಾರಿಗೇನು ತೊಂದರೆಯಿತ್ತು? ಕಣ್ಣಿಗೆ ಕಣ್ಣು ಕೊಟ್ಟು ನೋಡುವುದು ನಮಗೆ ಹಿಂಸೆಯಾಗುತ್ತಿತ್ತು, ಅದನ್ನೇಕೆ ಬಲವಂತ ಮಾಡಿದಿರಿ? ಎಂಬುವು ಅವರ ಆಕ್ಷೇಪಣೆಗಳಲ್ಲಿ ಕೆಲವು. ವರ್ತನಾ ವಿಶ್ಲೇಷಕರ ಅಂತರರಾಷ್ಟ್ರೀಯ ಸಂಘವು ಚರ್ಮದ ಮೇಲಿನ ವಿದ್ಯುದಾಘಾತವನ್ನು ವಿರೋಧಿಸುವ ನಿಲುವನ್ನು ತಳೆದುದು 2022ರಲ್ಲಿ.

ವುಲ್ಫ್‌ಗೆ ಈ ಸಂದಿ ಬೇಗನೆ ಕಂಡಿತೆಂದು ತೋರುತ್ತದೆ. 1967ರಿಂದ ಅವನೂ ಜೊತೆಗಾರರೂ ಕ್ಯಾನ್ಸಸ್ ಪ್ರಾಂತದ ಲಾರೆನ್ಸ್ ನಗರದಲ್ಲಿ ಪೋಲೀಸರ ಕಣ್ಣಿಗೆ ಬಿದ್ದ ಹುಡುಗರಿಗಾಗಿ ಒಂದು ಮನೆಯನ್ನು ನಡೆಸುತ್ತಿದ್ದರು. ಗಂಡಹೆಂಡತಿಯರಿಬ್ಬರು ಕೆಲವೇ ಹುಡುಗರೊಡನೆ ಅಲ್ಲಿ ವಾಸವಾಗಿರುವರು. ಒಳ್ಳೆಯ ನಡತೆಗೆ ಅಂಕಗಳು, ಅಂಕಗಳಿಗೆ ಸೌಲಭ್ಯಗಳು. ಮನೆ ಚೆನ್ನಾಗಿ ನಡೆಯಿತು. ಅದನ್ನೇ ನಕಲು ಮಾಡಿ ಇನ್ನೊಂದು ಮನೆಯನ್ನು ತೆರೆದಾಗ ಅದು ಸೋತುಹೋಯಿತು. ಅಂಕಗಳ ಲೆಕ್ಕ ಮಾತ್ರ ನಕಲಾಗಿತ್ತು, ಮನೆಯವರ ನಡೆನುಡಿ ನಕಲಾಗಿರಲಿಲ್ಲ. ಆಮೇಲೆ ಅವರು ಶಾಸ್ತ್ರಜ್ಞರು ಸಾಮಾನ್ಯವಾಗಿ ಮಾಡದ ಕೆಲಸವೊಂದನ್ನು ಮಾಡಿದರು. ಮಕ್ಕಳನ್ನೇ ಕೇಳಿದರು. ದೊಡ್ಡವರಲ್ಲಿ ಯಾವುದು ಹಿಡಿಸುತ್ತದೆ, ಯಾವುದು ಹಿಡಿಸದು? ಮೃದುವಾದ ದನಿ, ತಾವಾಗಿ ನೀಡುವ ಸಹಾಯ, ತಮಾಷೆ, ಕಾರಣವನ್ನು ಬಿಡಿಸಿ ಹೇಳುವುದು ಇವು ಹಿಡಿಸುತ್ತವೆ. ಕೂಗಾಟ, ದೂರುವುದು ಹಿಡಿಸವು ಎಂದು ಹುಡುಗರು ಹೇಳಿದರು. 1977ರಲ್ಲಿ ಇದೂ ಪತ್ರಿಕೆಯಲ್ಲಿ ಅಚ್ಚಾಯಿತು.

ಮರುವರ್ಷ, 1978ರಲ್ಲಿ, ವುಲ್ಫ್ ಒಂದು ಲೇಖನವನ್ನು ಬರೆದನು. ತಮ್ಮ ಶಾಸ್ತ್ರ ತನ್ನ ಹೃದಯವನ್ನು ಕಂಡುಕೊಳ್ಳುತ್ತಿದೆ ಎಂಬ ಭಾವ ಅದರ ತಲೆಬರಹದಲ್ಲಿಯೇ ಇದೆ. ಮೂರು ಸಂಗತಿಗಳನ್ನು ಸಂಬಂಧಪಟ್ಟವರಿಂದಲೇ ಕೇಳಿ ತಿಳಿಯಬೇಕೆಂದು ಅವನ ವಾದ: ಗುರಿ ಬೇಕಾದುದೇ? ವಿಧಾನ ಒಪ್ಪುವಂಥದೇ? ಬಂದ ಫಲ ತೃಪ್ತಿಕರವೇ? ಮನಸ್ಸಿನ ಮಾತನ್ನು ಪ್ರಯೋಗಶಾಲೆಯಿಂದ ಹೊರಗಟ್ಟಿದ ಪರಂಪರೆಯಲ್ಲಿ ಬೆಳೆದವನೊಬ್ಬ ಅದನ್ನು ಹಿತ್ತಿಲ ಬಾಗಿಲಿನಿಂದಲ್ಲ, ಮುಂಬಾಗಿಲಿನಿಂದಲೇ ಒಳಕ್ಕೆ ಕರೆದುದು ಸಣ್ಣ ಧೈರ್ಯವಲ್ಲ. ವಿದ್ಯಾರ್ಥಿಗಳು 1968ರ ಲೇಖನದಷ್ಟೇ ಶ್ರದ್ಧೆಯಿಂದ ಇದನ್ನೂ ಓದಬೇಕೆಂದು ನಮ್ಮ ಅಭಿಪ್ರಾಯ. ಅಮೆರಿಕದಲ್ಲಿ 2014ರಿಂದ ವರ್ತನಾ ಸಹಾಯಕರೆಂಬ ಒಂದು ಮನ್ನಣೆಯುಂಟು. 40 ಗಂಟೆಗಳ ತರಬೇತಿ ಮತ್ತು ಪರೀಕ್ಷೆಗಳಾದ ಮೇಲೆ, ಮೇಲ್ವಿಚಾರಕರ ಕೈಕೆಳಗೆ, ಪದವಿ ಮುಗಿಯದ ವಿದ್ಯಾರ್ಥಿಯೂ ಮಕ್ಕಳ ಎದುರಿಗೆ ಕುಳಿತು ಪಾಠ ಮಾಡಬಹುದು. ಇಪ್ಪತ್ತರ ವಯಸ್ಸಿನವರ ಕೈಯಲ್ಲಿ ಮಾತು ಬಾರದ ಮೂರು ವರ್ಷದ ಮಗು! ಆ ಮಗುವನ್ನು ಕೇಳುವುದು ಹೇಗೆ? ಅದು ಅಳುತ್ತದೆಯೇ, ಓಡಿಹೋಗುತ್ತದೆಯೇ, ಪಾಠದ ಕೋಣೆಗೆ ತಾನಾಗಿ ಬರುತ್ತದೆಯೇ ಎಂಬುದನ್ನೂ ಎಣಿಸಬೇಕು. ಎಣಿಸಲು ಕಲಿತವರಿಗೆ ಇದು ಕಷ್ಟವಲ್ಲ.

ಪುಸ್ತಕದ ಕೊನೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನದೇ ಒಂದು ವರ್ತನೆಯನ್ನು ಅಳೆದು ತಿದ್ದಿಕೊಳ್ಳಬೇಕೆಂಬ ಅಭ್ಯಾಸವಿತ್ತು. ಸೊಸೆಯೊಡನೆ ನಾವೂ ಪಂತ ಕಟ್ಟಿದೆವು. ತರಗತಿಯಲ್ಲಿ ಪ್ರಶ್ನೆ ಕೇಳಿ, ಯಾರೂ ಬಾಯಿತೆರೆಯುವ ಮುನ್ನ ನಾವೇ ಉತ್ತರ ಹೇಳಿಬಿಡುವುದು ನಮ್ಮ ಹಳೆಯ ಚಾಳಿ. ಅಧ್ಯಾಪಕರು ಸಾಧಾರಣವಾಗಿ ಒಂದು ಸೆಕೆಂಡಿಗಿಂತ ಹೆಚ್ಚು ಕಾಯುವುದಿಲ್ಲವೆಂದೂ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆಯೆಂದೂ ಮೇರಿ ಬಡ್ ರೋ ಎಂಬ ವಿದುಷಿ 1970ರ ದಶಕದಲ್ಲಿಯೇ ತೋರಿಸಿದ್ದಳು. ಎಡಜೇಬಿನಲ್ಲಿ ಹುಣಿಸೆಯ ಬೀಜಗಳನ್ನು ಹಾಕಿಕೊಂಡು ಹೋದೆವು. ಮನಸ್ಸಿನಲ್ಲಿ ಮೂರು ಎಣಿಸುವ ಮುನ್ನ ಉತ್ತರ ಹೇಳಿಬಿಟ್ಟರೆ ಒಂದು ಬೀಜ ಬಲಜೇಬಿಗೆ. ಏನನ್ನೂ ಬದಲಾಯಿಸದೆ ಎಣಿಸಿದ ಮೊದಲ ನಾಲ್ಕು ಪಾಠಗಳಲ್ಲಿ ಬಂದ ಸಂಖ್ಯೆಗಳು 14, 12, 13, 9. ಈ ಒಂಬತ್ತು ಏಕೆ? ಎಣಿಸುತ್ತಿದ್ದೇವೆಂಬ ಅರಿವೇ ನಮ್ಮನ್ನು ತಡೆಯಹತ್ತಿತ್ತು. ತಣ್ಣನೆಯ ಉಷ್ಣಮಾಪಕ ಬಿಸಿನೀರನ್ನು ಕೊಂಚ ಆರಿಸುವ ಹಾಗೆ. ಐದನೆಯ ಪಾಠದಿಂದ, ಪ್ರಶ್ನೆ ಕೇಳಿದ ಕೂಡಲೆ ಸೀಮೆಸುಣ್ಣವನ್ನು ಕೆಳಗಿಟ್ಟು ಕಿಟಕಿಯವರೆಗೆ ನಡೆದುಹೋಗುವುದೆಂದು ನಿಯಮ ಮಾಡಿಕೊಂಡೆವು. ಸಂಖ್ಯೆ ನಾಲ್ಕಕ್ಕೆ ಇಳಿಯಿತು; ಆಮೇಲೆ ಮೂರು. ನಿಯಮವನ್ನು ಎರಡು ದಿನ ಬಿಟ್ಟು ನೋಡಿದೆವು: 10, 11. ಮತ್ತೆ ಹಿಡಿದೆವು: ಮೂರು. ಓರ್ಸ್ಟೆಡನ ಮುಳ್ಳು ನಾವೇ ಆದಂತಾಯಿತು!

ನಕ್ಷೆಯನ್ನು ಹೆಮ್ಮೆಯಿಂದ ಸೊಸೆಗೆ ಕಳುಹಿಸಿದೆವು. "ಚೆನ್ನಾಗಿದೆ ಮಾವ. ಹುಡುಗರನ್ನು ಕೇಳಿದಿರಾ?" ಎಂದು ಉತ್ತರ ಬಂತು. ಕೇಳಿರಲಿಲ್ಲ. ಮರುದಿನ ತರಗತಿಯಲ್ಲಿ ಚೀಟಿಗಳನ್ನು ಹಂಚಿ, ಹೆಸರು ಬರೆಯದೆ ಅಭಿಪ್ರಾಯ ಬರೆಯಿರೆಂದೆವು. ಯೋಚಿಸಲು ಸಮಯ ಸಿಗುತ್ತದೆಂದು ಕೆಲವರು ಸಂತೋಷಪಟ್ಟಿದ್ದರು. ಆ ಮೌನದಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಮೌಖಿಕ ಪರೀಕ್ಷೆಯಂತಾಗುತ್ತದೆ ಎಂದು ಐದಾರು ಮಂದಿ ಬರೆದಿದ್ದರು. ಒಂದು ಚೀಟಿಯಲ್ಲಿ, "ನೀವು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತಾಗ ನಮ್ಮ ಮೇಲೆ ಸಿಟ್ಟು ಬಂದಿದೆಯೆಂದು ತಿಳಿದುಕೊಂಡಿದ್ದೆ, ಸಾರ್" ಎಂದಿತ್ತು.

ಈಗ ಕಿಟಕಿಯ ಕಡೆಗೆ ಹೋಗುವುದನ್ನು ಬಿಟ್ಟಿದ್ದೇವೆ. ಪ್ರಶ್ನೆ ಕೇಳಿದ ಮೇಲೆ ಉತ್ತರವನ್ನು ಮೊದಲು ಪಕ್ಕದವರಿಗೆ ಹೇಳಿಕೊಳ್ಳಿರೆಂದು ಹೇಳಿ ಕಾಯುತ್ತೇವೆ. ಬೀಜಗಳೆಲ್ಲ ಮತ್ತೆ ಎಡಜೇಬಿಗೆ ಬಂದಿವೆ. ಈ ಸಲ ಚೀಟಿಗಳನ್ನು ಎರಡನೆಯ ವಾರದಲ್ಲಿಯೇ ಹಂಚಬೇಕೆಂದಿದ್ದೇವೆ.